ಮಾವನವರ ಅರ್ಧ ಮೀಸೆ

‘ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವುದು ನಮ್ಮಂಥ ಮೇಷ್ಟರುಗಳಿಗೆ ಆಗಿಬರುವುದಿಲ್ಲ. ಮೈಸೂರಿನ ಕಡೆಯವನಾದ ನಾನು ಶಿಡ್ಲಘಟ್ಟದ ಅಳಿಯನಾಗಿ ಆರು ವರ್ಷವಾದರೂ ತೆಲುಗು ಕಲಿತಿರಲಿಲ್ಲ. ಕಲಿಯುವುದೇನು ಬಂತು? ನಮ್ಮ ಹಾಲು ಅವರಿಗೆ ಪಾಲು, ನಮ್ಮ ಹುಲಿ ಅವರಿಗೆ ಪುಲಿ. ‘ಹ’ ತೆಗೆದು ‘ಪ’ ಹಾಕಿದರೆ ತೆಲುಗು ಆಯಿತು ಎಂದು ಸ್ಕೂಲಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ಮನೆಯಲ್ಲಿ ತೆಲುಗೇ ಆಡುವ ನನ್ನ ಮಾವನವರಿಗೆ ಎರಡೇ ಹೆಮ್ಮೆ: ಅವರ ಗಿರಿಜಾ ಮೀಸೆ, ಅವರ ನಾಯಕರು. ಆ ನಾಯಕರು ಹಿಂದೆ ದೆಹಲಿಯಲ್ಲಿ ಮಂತ್ರಿಯಾಗಿದ್ದವರು. ರೈತನ ಅರ್ಜಿಗೆ ರೈತನ ಭಾಷೆಯಲ್ಲೇ ಉತ್ತರ ಬರಬೇಕು, ಆಳುವವರು ಜನರ ಮಾತು ಕಲಿಯಬೇಕು ಎಂಬುದು ಅವರ ಹಟ. ಯಾರೂ ಕಿವಿಗೆ ಹಾಕಿಕೊಳ್ಳದಾಗ ರಾಜೀನಾಮೆ ಬಿಸಾಕಿ ಬಂದರು. ಮುಂದಿನ ಚುನಾವಣೆಯಲ್ಲಿ ಸೋತರು. ಈಗ ಉಪಚುನಾವಣೆಗೆ ನಿಂತಿದ್ದರು. ಕಾಫಿ ಹೋಟೆಲಿನಲ್ಲಿ ಯಾರೋ ನಕ್ಕದ್ದಕ್ಕೆ ಮಾವ, “ಈ ಸಲಾನೂ ಸೋತ್ರೆ ಮೀಸೆ ಬೋಳಿಸ್ಕೊಂಡು ತಿರುಗ್ತೀನಿ ಕಣ್ರಪ್ಪಾ!” ಎಂದು ಮೇಜು ಕುಟ್ಟಿ ಬಂದಿದ್ದರು.

ಸ್ಕೂಲಿನ ರೇಡಿಯೋದಲ್ಲಿ ಫಲಿತಾಂಶ ಕೇಳಿದವನು ನಾನೇ. ಗೆದ್ದಿದ್ದರು! ಸುದ್ದಿಯನ್ನು ತೆಲುಗಿನಲ್ಲೇ ಮುಟ್ಟಿಸಿ ಮಾವನಿಂದ ಭೇಷ್ ಅನ್ನಿಸಿಕೊಳ್ಳುವ ಆಸೆ ಹುಟ್ಟಿತು. ‘ಗೆದ್ದರು’ ಎಂಬುದರಲ್ಲಿ ‘ಹ’ ಇಲ್ಲ, ನನ್ನ ಸೂತ್ರ ನಡೆಯದು. ‘ಪಾರ್ಲಿಮೆಂಟಿಗೆ ಓಡಿಹೋದರು’ ಅಂದರಾಯಿತು, ಅದರಲ್ಲಿ ‘ಹ’ ಇದೆ! ‘ಹೋದರು’ ಎಂಬುದಕ್ಕೆ ‘ಪೋಯಿನಾರು’ ಎನ್ನುವುದನ್ನು ಮನೆಯಲ್ಲಿ ದಿನಾ ಕೇಳಿದ್ದೆ. ಬೀದಿಯಿಂದಲೇ ಕೂಗಿದೆ: “ಮಾವಾ, ಓಡಿಪೋಯಿನಾರು! ಓಡಿಪೋಯಿನಾರು!”

ಮಾವ ಜಗಲಿಯಿಂದ ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದರು. ಸಿಹಿ ತರಲು ಹೋದರೆಂದುಕೊಂಡೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದಳು.

“ಅಯ್ಯೋ, ಸೋತೋದ್ರಾ?”

“ಸೋಲೋದೇನೇ, ಗೆದ್ರು!”

“ಮತ್ತೆ ಓಡಿಪೋಯಿನಾರು ಅಂದ್ರಲ್ರೀ! ತೆಲುಗಲ್ಲಿ ಹಂಗಂದ್ರೆ ಸೋತೋದ್ರು ಅಂತ. ಅಪ್ಪ ಮೀಸೆ ತೆಗೆಸಕ್ಕೆ ಹೋದ್ರು, ಓಡ್ರೀ!”

ಪಂಚೆ ಎತ್ತಿ ಕಟ್ಟಿ ಓಡಿದೆ. ಕ್ಷೌರದಂಗಡಿ ಮುಟ್ಟುವಷ್ಟರಲ್ಲಿ ಎಡಗಡೆಯ ಮೀಸೆ ನೆಲ ಸೇರಿತ್ತು. “ಗೆದ್ದಿದ್ದಾರೆ ಮಾವಾ!” ಎಂದು ಅಪ್ಪಟ ಕನ್ನಡದಲ್ಲಿ ಕಿರುಚಿದೆ. ಮಾವ ನೆಲ ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಎದ್ದು ಕ್ಷೌರದವನನ್ನೇ ತಬ್ಬಿಕೊಂಡರು. ಅವನು ಬಲಗಡೆಯದನ್ನೂ ತೆಗೆದು ಸಮ ಮಾಡುತ್ತೇನೆಂದರೆ ಬಿಡಲಿಲ್ಲ. ಅದನ್ನೇ ತಿರುವುತ್ತಾ ಕಾಫಿ ಹೋಟೆಲಿಗೆ ನುಗ್ಗಿ, ನಕ್ಕವನ ಎದುರಿಗೇ ಕೂತರು.

“ನೋಡಪ್ಪಾ, ಈ ಕಡೇದು ನಮ್ಮ ನಾಯಕರು ಉಳಿಸಿದ್ದು. ಆ ಕಡೇದು ನಮ್ಮ ಅಳಿಯಂದಿರ ತೆಲುಗಿಗೆ ಹೋಯ್ತು. ಜನರ ಮಾತು ಕಲೀಬೇಕು ಅಂತ ನಾಯಕರು ಸುಮ್ಮನೆ ಹೇಳ್ತಾರಾ?”

ಹೋಟೆಲಿಗೆ ಹೋಟೆಲೇ ನಕ್ಕಿತು.

ನಾಯಕರು ಪಾರ್ಲಿಮೆಂಟಿನಲ್ಲಿ ಪ್ರಮಾಣ ಮಾಡಿದ ದಿನ ನಾನೂ ಒಂದು ಪ್ರಮಾಣ ಮಾಡಿದೆ: ಎಡಮೀಸೆ ಬೆಳೆಯುವುದರೊಳಗೆ ತೆಲುಗು ಕಲಿಯುತ್ತೇನೆಂದು. ಮೀಸೆ ಬೆಳೆದು ಎಷ್ಟೋ ಕಾಲವಾಯಿತು. ಹೆಂಡತಿಯೇ ಮೇಷ್ಟ್ರು. ಅವಳು ಇಡುವ ಪರೀಕ್ಷೆಯಲ್ಲಿ ಮಾತ್ರ ನಾನು ಇವತ್ತಿಗೂ ತಪ್ಪದೆ ಓಡಿಪೋಗುತ್ತಿದ್ದೇನೆ.