ವಿಶೇಷಣದ ಬಾಲ

ಅಶ್ವತ್ಥನಿಗೆ ತನ್ನ ಸ್ವೀಡಿಷ್ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಗೆ ಬರುವ ಮೊದಲು ಜರ್ಮನಿಯಲ್ಲಿದ್ದು, ಅಲ್ಲಿಯ ವ್ಯಾಕರಣವನ್ನು ಅರೆದು ಕುಡಿದಿದ್ದ (ಇನ್ನೂ ಅರಗಿರಲಿಲ್ಲ). ವಿಶೇಷಣಕ್ಕೆ ಸರಿಯಾದ ಪ್ರತ್ಯಯ, ಅಂದರೆ ಬಾಲ, ಸಿಗುವ ಮುಂಚೆ ಬಾಯಿ ತೆರೆಯುವುದು ಅವನ ಪ್ರಕಾರ ಅನಾಗರಿಕತೆ. ಬಾಲ ಸಿಗುವಷ್ಟರಲ್ಲಿ ಲಿಫ್ಟಿನಲ್ಲಿದ್ದವರು ಇಳಿದು ಮನೆ ಸೇರಿರುತ್ತಿದ್ದರು. ಹೆಂಡತಿ ಪದ್ಮಿನಿ ಮಾತ್ರ ತಲೆಬಾಲವಿಲ್ಲದ ಸ್ವೀಡಿಷಿನಲ್ಲಿ ಇಡೀ ಕಟ್ಟಡದೊಂದಿಗೆ ಹರಟುತ್ತಿದ್ದಳು.

"ಕೆಳಗೆ ಲಾಂಡ್ರಿ ರೂಮಲ್ಲಿ ಎಲ್ರೂ ನಿಮ್ಮನ್ನ 'ರಾರ್' ಅಂತಾರೆ ರೀ," ಎಂದಳು ಒಂದು ಸಂಜೆ.

ಅಶ್ವತ್ಥ ಕನ್ನಡಕ ಏರಿಸಿಕೊಂಡ. "ಫ್ರೆಂಚರಿಂದ ಎರವಲು ಬಂದ ಪದ. ಜರ್ಮನ್‌ನಲ್ಲೂ ಇದೆ. ಅಪರೂಪದ ಮನುಷ್ಯ ಅಂತ."

"ಇಲ್ಲಿ ಹಾಗಲ್ಲ. ಪಾಪ, ಒಳ್ಳೆ ಜೀವ, ಮುದ್ದು, ಚೆಂದ ಅಂತ. ನಮ್ಮ ಕಟ್ಟಡದ ಸಂಘದ ಅಧ್ಯಕ್ಷೆ ಗುನ್‌ಬ್ರಿಟ್ ಅವರ ಬೆಕ್ಕಿಗೂ ಅದನ್ನೇ ಅಂತಾರೆ."

"ಬೆಕ್ಕಿಗೆ ವ್ಯಾಕರಣ ಗೊತ್ತಾ?"

"ಅದೂ ಬಾಯಿ ಬಿಡಲ್ಲ. ಅದಕ್ಕೇ ಇರ್ಬೇಕು. ತಮಾಷೆ ಅಲ್ಲ ರೀ, ನಾಳೆ ಮೀಟಿಂಗಲ್ಲಿ ಲಾಂಡ್ರಿ ರೂಮಿನ ಉಸ್ತುವಾರಿ ನಿಮ್ಮ ತಲೆಗೆ ಕಟ್ತಾರಂತೆ. ಭಾನುವಾರ ಪೂರ್ತಿ ಅಲ್ಲೇ. ಬೇಡ ಅಂತ ನಾನು ಹೇಳ್ಲಾ?"

"ನಿನ್ನ ವ್ಯಾಕರಣದಲ್ಲಾ? ನಾನೇ ಹೇಳ್ತೀನಿ."

ಭಾನುವಾರ ಅವನ ಕ್ರಿಕೆಟ್ ದಿನ. ವಾರವಿಡೀ ಮುಚ್ಚಿದ್ದ ಬಾಯಿ ತೆರೆಯುತ್ತಿದ್ದುದು ಕನ್ನಡದವರು ಸೇರುವ ಆ ಮೈದಾನದಲ್ಲಿ ಮಾತ್ರ.

ಮರುದಿನ ಗುನ್‌ಬ್ರಿಟ್ ಅವನ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿ, ಮರದ ಸುತ್ತಿಗೆ ಎತ್ತಿದರು. ಅಶ್ವತ್ಥ ಎದ್ದು ನಿಂತ. 'ನೀವು ಕೇಳಿದ್ದು ಬಹಳ ರಾರ್, ಆದರೆ ನನಗೆ ಬೇಡ.' ಹೇಳಬೇಕಾದದ್ದು ಇಷ್ಟೇ. ಜರ್ಮನ್‌ನಲ್ಲಾದರೆ ಈ ಜಾಗದಲ್ಲಿ ನಿಂತ ವಿಶೇಷಣಕ್ಕೆ ಬಾಲವೇ ಬೇಡ. ಸ್ವೀಡಿಷಿಗೆ ಇಲ್ಲೂ ಬೇಕು: ಮನುಷ್ಯನಾದರೆ ರಾರ್, ವಿಷಯವಾದರೆ ರಾರ್ಟ್, ಹಲವರಾದರೆ ರಾರಾ. ರಾರ್ ಆಗಿರುವುದು ಅವರು ಕೇಳಿದ ವಿಷಯವೋ, ಕೇಳಿದ ಅಷ್ಟೂ ಜನವೋ?

ಸಭೆ ಸಭ್ಯವಾಗಿ ಕಾಯಿತು. ಯೋಚಿಸುವವನನ್ನು ಅಲ್ಲಿ ಯಾರೂ ಅವಸರಪಡಿಸುವುದಿಲ್ಲ. ಅವನು ಒಪ್ಪಿದನೆಂದು ಬರೆದುಕೊಳ್ಳುತ್ತಾರೆ. ಸುತ್ತಿಗೆ ಟಕ್ಕೆಂದಿತು.

"ರಾರ್ಟ್," ಎಂದ ಅಶ್ವತ್ಥ, ಬಾಲಸಮೇತ.

ಸಭೆಯಿಡೀ ಚಪ್ಪಾಳೆ. ಕೆಲಸ ಹೊರಿಸಿದ್ದಕ್ಕೆ 'ಎಷ್ಟು ಚೆಂದ' ಎಂದ ಮೊದಲ ಮನುಷ್ಯ ಅವನೇ. ಗುನ್‌ಬ್ರಿಟ್ ಕಣ್ಣೊರೆಸಿಕೊಂಡರು.

ಭಾನುವಾರ ಬೆಳಿಗ್ಗೆ ಅಶ್ವತ್ಥ ಬಾಗಿಲಲ್ಲಿ ನಿಂತು ಕೇಳಿದ, "ಆದ್ರೂ ಪದ್ದು, ಬಾಲ ಸರಿಯಾಗಿತ್ತು ತಾನೇ?"

"ಪರ್ಫೆಕ್ಟ್," ಎಂದಳು ಪದ್ಮಿನಿ, ಅವನ ಕೈಯಿಂದ ಬ್ಯಾಟು ತೆಗೆದುಕೊಂಡು ಪೊರಕೆ ಕೊಡುತ್ತ.