ಕೊಂಡಿ ಕಳೆದ ಮಗ್ಗದ ಮಹಾಸಮರ

ಸೋಮವಾರ ಬೆಳಿಗ್ಗೆ, ಇಳಕಲ್ಲಿನ ನೇಕಾರರನ್ನು ಕೇಳದೆ, ಅವರ ನೇಯ್ಗೆಯ ನಕ್ಷೆ ಬರೆಯುವ ಗಣಕಭಾಷೆಯಿಂದ ‘ಕೊಂಡಿ’ ಎಂಬ ಪದವನ್ನು ಅಳಿಸಲಾಯಿತು.

ಎಲೈ ಕೇಳುವ ಜನವೇ! ಗಣಕವು ಮಗ್ಗಕ್ಕೆ ಗುರುವಾಗಿ ಕುಳಿತ ಈ ಯುಗದಲ್ಲಿ, ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರು ಎಂಬ ಮೂರು ಊರುಗಳಿಗಾಗಿ ಒಂದೇ ಬುಡದಿಂದ ಚಿಗುರಿದ ಮೂರು ಪುಟ್ಟ ಭಾಷೆಗಳಿದ್ದವು. ದಡಿ, ಬುಟ್ಟಾ, ಬಣ್ಣಗಳ ಪದಗಳು ಮೂರು ಭಾಷೆಗಳಿಗೂ ಸಮಾನ. ಸೀರೆಯ ಒಡಲಿನ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆಗೆ ಕುಣಿಕೆಯಾಗಿ ಸೇರಿಸುವ ಕೊಂಡಿ ಮಾತ್ರ ಇಳಕಲ್ಲಿನದು.

ಈ ಮೂರು ಭಾಷೆಗಳ ಪಾಲಕನೇ ಬೆಂಗಳೂರಿನ ಏಕರೂಪವ್ರತದೀಕ್ಷಿತ, ವೈವಿಧ್ಯಕಾನನದಾವಾನಲ ಶ್ರೀವತ್ಸ. “ಮೂರಕ್ಕೂ ಸಮಾನವಲ್ಲದ ಪದ ಇನ್ನು ಮುಂದೆ ಒಂದರಲ್ಲೂ ಇರಕೂಡದು!” ಎಂದು ಶಪಥಗೈದು, ಅಳಿಸುಗುಂಡಿಯೆಂಬ ಬ್ರಹ್ಮಾಸ್ತ್ರವನ್ನು ಒತ್ತಿದವನು ಅವನೇ.

ಇತ್ತ ನೇಕಾರರ ಸಂಘದ ಕೋಣೆಯಲ್ಲಿ, ಶತಸಹಸ್ರಕುಣಿಕಾಬಂಧನವಿಶಾರದೆ ಸಾವಂತ್ರೆವ್ವ ನಕ್ಷೆ ಬರೆಯಲು ಕುಳಿತರೆ ಪರದೆ ಕೆಂಪಾಗಿ ‘ಈ ಪದ ತಿಳಿಯದು’ ಎಂದಿತು. ಕೊಂಡಿಯಿಲ್ಲದಿದ್ದರೆ ಸೆರಗೂ ಹತ್ತಿಯೇ; ಅಂಥದ್ದನ್ನು ಇಳಕಲ್ ಸೀರೆಯೆಂದು ಉಡಲು ಓಣಿಯ ಒಬ್ಬ ಹೆಂಗಸೂ ಒಪ್ಪಳು. ಹನ್ನೊಂದು ಮಗ್ಗಗಳ ಲಾಳಿ ನಿಂತವು.

ಬುಧವಾರ ಶ್ರೀವತ್ಸನೇ ರಣಾಂಗಣಕ್ಕೆ ದಯಮಾಡಿಸಿದನು. ಅವನ ಸಿಂಹನಾದ ಹೀಗಿತ್ತು:

“ನೋಡಿ ಅಮ್ಮಾ, ಒಂದ್ ತಪ್ಪು ಸಿಕ್ಕಿದ್ರೆ ಮೂರು ಕಡೆ ತಿದ್ಬೇಕು. ಮೂರು ವರ್ಷದಿಂದ ಇದೇ ಗೋಳು. ಒಂದೇ ಭಾಷೆ ಆದ್ರೆ ನಿಮಗೂ ಸುಲಭ ಅಲ್ವಾ?”

“ನಿಮಗ ಸುಲಭ ಅನ್ರಿ ಸಾಹೇಬ್ರ, ನನ್ನ ಹೆಸರ ಯಾಕ ಎಳೀತೀರಿ?” ಎಂದು ಸಾವಂತ್ರೆವ್ವ ಪ್ರತ್ಯಸ್ತ್ರ ಹೂಡಿದಳು. “ನಮ್ಮನ್ಯಾಗ ಮೂರು ಮಂದಿ ಸೊಸ್ತ್ಯಾರು. ಒಬ್ಬಾಕಿಗೆ ಬಳ್ಳೊಳ್ಳಿ ಆಗಂಗಿಲ್ಲ. ಹಂಗಂತ ಮನಿ ಮಂದಿಗೆಲ್ಲ ಸಪ್ಪನ್ ಬ್ಯಾಳಿ ಉಣಸ್ಲೇನು? ಬ್ಯಾಳಿ ಒಂದ ಗಡಗ್ಯಾಗ ಬೇಯಸ್ತೀನಿ, ಒಗ್ಗರಣಿ ಅವರವರಿಗೆ ಬ್ಯಾರೆ.”

ಆ ವಾಗ್ಬಾಣದಿಂದ ಜರ್ಜರಿತನಾದ ವೀರನು ನೀರು ಕೇಳಿ ಕುಡಿದನು. ಬಳಿಕ, ಸಮಾನವಾದುದೆಲ್ಲ ಒಂದೇ ಬುಡದಲ್ಲಿದ್ದು, ಆಯಾ ಊರು ತನಗೆ ಬೇಕಾದುದನ್ನು ಆರಿಸಿಕೊಳ್ಳುವಂತೆ, ಸಂಜೆಯವರೆಗೆ ಕೀಲಿಮಣೆಯನ್ನು ಕುಟ್ಟಿದನು. ಮೂರು ಊರುಗಳ ಭಾಷಾಸಾಮ್ರಾಜ್ಯವನ್ನೇ ನಡುಗಿಸಿದ ಆ ಮಹಾಸಂಧಿಯ ಫಲವಾಗಿ, ಪರದೆಯ ಮೂಲೆಯಲ್ಲಿ ಉಗುರಗಲದ ಒಂದು ಚೌಕ ಮೂಡಿತು. ಗುರುತು ಹಾಕಿದರೆ ಕೊಂಡಿ ಉಂಟು, ಹಾಕದಿದ್ದರೆ ಇಲ್ಲ. ಪಕ್ಕದಲ್ಲಿ ಬರೆದಿತ್ತು: ‘ವಿಶೇಷ ಬೇಡಿಕೆ’.

“ಸರಿ ಹೋಯ್ತಲ್ಲ? ಪ್ರತಿ ಸೀರೆಗೂ ಕೊಂಡಿ ಯಾಕೆ ಬೇಕು ಅಂತ ಕಾರಣ ಬರ್ದು ಸಹಿ ಹಾಕ್ಬಿಡಿ ಅಮ್ಮ, ಅಷ್ಟೇ,” ಎಂದು ಶ್ರೀವತ್ಸನು ಕಾಗದ ಮುಂದಿಟ್ಟನು.

ಸಾವಂತ್ರೆವ್ವ ಚೌಕಕ್ಕೆ ಗುರುತು ಹಾಕಿದಳು. ಕಾಗದ, ಪೆನ್ನು ಎರಡನ್ನೂ ಅವನತ್ತಲೇ ಸರಿಸಿದಳು.

“ದಿನಾ ಮಾಡೂ ಕೆಲಸಕ್ಕ ಎಂಥಾ ಕಾರಣ? ಯಾಕ ತಗದ್ರಿ ಅಂತ ನೀವ ಬರೀರಿ. ನಾ ಬರಿಯಂಗಿಲ್ಲ.”