ಅವ್ವನಿಗೊಂದು ಮುಖ ಮಾಡಿಸಿದ್ದು

ವಿಜ್ಞಾನದ ಮೇಲೆ ನನಗೆ ಮೊದಲಿನಿಂದಲೂ ಬಹಳ ಗೌರವ. ಹೊಸೂರಿನ ನಮ್ಮ ಆಲಸನತ್ತಂ ಬೀದಿಯಲ್ಲಿ ಗ್ರೈಂಡರ್ ಕೊಂಡ ವಾರವೇ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದವಳು ನಾನು. ಗ್ಯಾಸ್ ಬುಕ್ ಮಾಡುವುದು, ಕರೆಂಟು ಬಿಲ್ಲು ಕಟ್ಟುವುದು, ಎಲ್ಲವೂ ಫೋನಿನಲ್ಲೇ. ಹಾಗಾಗಿ ಎಐ ಅಂತ ಒಂದು ಬಂದಿದೆ, ಬಾಯಲ್ಲಿ ಹೇಳಿದರೆ ಸಾಕು ಚಿತ್ರ ಬರೆದುಕೊಡುತ್ತದೆ ಎಂದು ಕೇಳಿದಾಗ ನಾನು ಹೆದರಲಿಲ್ಲ. ನನಗೆ ಬೇಕಾಗಿದ್ದಾದರೂ ಏನು? ಚಂದ್ರಲೋಕವಲ್ಲ. ನಮ್ಮವ್ವನ ಮುಖ. ಅಷ್ಟೇ!

ಅವ್ವ ತೀರಿಕೊಂಡಾಗ ನನಗೆ ಹತ್ತೊಂಬತ್ತು. ಈಗ ಅವಳು ಬದುಕಿದ್ದ ವಯಸ್ಸನ್ನು ದಾಟಿ ನಾನೇ ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವಳಾಗಿದ್ದೇನೆ. ಅವಳದು ಒಂದು ಫೋಟೋ ಕೂಡ ಇಲ್ಲ. ಕ್ಯಾಮರಾ ಕಂಡರೆ ಒಲೆ ಮೇಲೆ ಏನೋ ಇಟ್ಟಿದ್ದೀನಿ ಎಂದು ಒಳಗೆ ಓಡುವಳು. ಅಣ್ಣನ ಮದುವೆಯ ಒಂದೇ ಒಂದು ಫೋಟೋದಲ್ಲಿ ಪಾಪ ಸಿಕ್ಕಿಬಿದ್ದಿದ್ದಾಳೆ. ಆದರೆ ಮುಂದೆ ನಿಂತ ಹೆಂಗಸು ಹಿಡಿದ ಕಳಸದ ತೆಂಗಿನಕಾಯಿ ಸರಿಯಾಗಿ ಅವ್ವನ ಮುಖಕ್ಕೆ ಅಡ್ಡ ಬಂದಿದೆ. ಕತ್ತಿನಿಂದ ಕೆಳಗೆ ಅವ್ವ. ಮೇಲೆ ತೆಂಗಿನಕಾಯಿ.

ಹಿರಿಯರ ಹಬ್ಬಕ್ಕೆ ಪ್ರತಿ ವರ್ಷ ಗುಮ್ಮಳಾಪುರದಲ್ಲಿ ಅಣ್ಣನ ಮನೆಯಲ್ಲಿ ಎಡೆ ಇಡುತ್ತೇವೆ. ಹೋದವರ ಫೋಟೋ ಸಾಲಾಗಿಟ್ಟು, ಅವರವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸುವುದು. ಅಪ್ಪನಿಗೆ ಫೋಟೋ ಇದೆ. ಅವ್ವನಿಗೆ ಒಂದು ಹಿತ್ತಾಳೆ ಚೊಂಬು, ಅದಕ್ಕೆ ಸುತ್ತಿದ ಒಂದು ಸೀರೆ. ಈ ವರ್ಷ ಅಣ್ಣ ಹಂಚು ಇಳಿಸಿ ತಾರಸಿ ಹಾಕಿಸುತ್ತಿದ್ದುದರಿಂದ ಎಡೆ ನಮ್ಮ ಮನೆಯಲ್ಲೇ ಅಂತಾಯಿತು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾ ಅವ್ವನ ಮುಖ ನೆನಪು ಮಾಡಿಕೊಂಡೆ. ಸೀರೆಯ ಅಂಚು ಬಂತು. ಕೈಯ ಬಳೆ ಬಂತು. ತಾಳಿಗೆ ಸಿಕ್ಕಿಸಿಕೊಂಡಿದ್ದ ಎರಡು ಪಿನ್ನು ಬಂದವು. ಮುಖ ಇರಬೇಕಾದ ಕಡೆ ತೆಂಗಿನಕಾಯಿ ಬಂತು!

ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಮುಖ ನನ್ನಿಂದ ಜಾರಿಹೋಗಿತ್ತು. ಯಾವಾಗ ಹೋಯಿತೋ ಗೊತ್ತೂ ಆಗಿರಲಿಲ್ಲ.

"ಎಐ ಮಾಡ್ಕೊಡ್ತದಂತಲ್ಲ?" ಎಂದು ನಮ್ಮನೆಯವರನ್ನು ಕೇಳಿದೆ.

ಇವರದು ಫ್ಯಾಕ್ಟರಿಯಲ್ಲಿ ಕೆಲಸ. ಯಂತ್ರದ ವಿಷಯದಲ್ಲಿ ಮನೆಗೆ ಇವರೇ ವಿಜ್ಞಾನಿ. "ಮಾಡ್ಕೊಡ್ತದೆ," ಎಂದರು. "ನಮ್ಮಲ್ಲಿ ರೋಬೋ ಬಂದು ನಾಲ್ಕು ತಿಂಗ್ಳಾಯ್ತು. ರಜ ಕೇಳಲ್ಲ, ಟೀಗೆ ಹೋಗಲ್ಲ. ಆದ್ರೆ ನಾವು ಹೇಳಿದ್ದನ್ನ ಮಾಡ್ತದೆ ನೋಡು, ನಮ್ ಮನ್ಸಲ್ಲಿ ಇರೋದನ್ನ ಮಾಡಲ್ಲ. ಹುಷಾರು."

ಎದುರು ಮನೆಯ ತಮಿಳಿನ ಸೆಲ್ವಿ ಅಕ್ಕನ ಅಭಿಪ್ರಾಯ ಇನ್ನೂ ಖಚಿತವಾಗಿತ್ತು. "ಇನ್ನು ಹತ್ ವರ್ಷಕ್ಕೆ ಮನುಷ್ಯರೇ ಬೇಡ ರತ್ನಮ್ಮಾ. ಎಲ್ಲಾಮೇ ಎಐ ದಾನ್, ಎಲ್ಲಾ ಎಐನೇ!"

"ಹಂಗಾದ್ರೆ ಪಾತ್ರೆ ಯಾರು ತೊಳೀತಾರಕ್ಕಾ?"

ಸೆಲ್ವಿ ಅಕ್ಕ ಸ್ವಲ್ಪ ಯೋಚಿಸಿದರು. "ಅದು ಮಾತ್ರ ನಾವೇ."

ಮೊದಲ ಹೆಜ್ಜೆಯಾಗಿ ಅಣ್ಣನ ಮದುವೆಯ ಫೋಟೋವನ್ನು ಫೋನಿಗೆ ತೋರಿಸಿ, "ಹಿಂದೆ ನಿಂತಿರುವವರ ಮುಖವನ್ನು ಸ್ಪಷ್ಟಪಡಿಸಿಕೊಡಬೇಕಾಗಿ ವಿನಂತಿ" ಎಂದು ಮರ್ಯಾದೆಯಿಂದ ಬರೆದೆ. ಎಐ ಒಪ್ಪಿತು. ಅರೆಗಳಿಗೆಯಲ್ಲಿ ಚಿತ್ರ ಬಂತು. ಸದರಿ ತೆಂಗಿನಕಾಯಿಯ ಒಂದೊಂದು ನಾರೂ ಎಣಿಸುವಷ್ಟು ಸ್ಪಷ್ಟವಾಗಿತ್ತು!

ಸರಿ, ಫೋಟೋ ಬೇಡ, ವರ್ಣನೆ ಕೊಡೋಣ ಎಂದುಕೊಂಡೆ. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಾಲು ಬಂದ ಹೊತ್ತು, ನೀರು ನಿಂತ ಹೊತ್ತು ಎಲ್ಲ ಕ್ಯಾಲೆಂಡರಿನಲ್ಲಿ ಬರೆದಿಡುವವಳು ನಾನು. ಪಟ್ಟಾಗಿ ಕೂತು ಬರೆದೆ. ಬಣ್ಣ ರಾಗಿ ಬಣ್ಣ. ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ. ಕೈಗೆ ಹಚ್ಚೆ. ಸೊಂಟಕ್ಕೆ ಎಲೆ ಅಡಿಕೆ ಚೀಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಭಿಮಾನ ಬಿಡಲಿಲ್ಲ. ಒಮ್ಮೆ ಜವಳಗಿರಿ ಕಾಡಿನಿಂದ ಬಂದು ರಾಗಿ ಹೊಲಕ್ಕೆ ಇಳಿದ ಆನೆಯನ್ನು ಮೊರ ಬಡಿದು ಓಡಿಸಿದ ಗಟ್ಟಿಗಿತ್ತಿ ಎಂದೂ ಸೇರಿಸಿದೆ.

ಬಂದ ಚಿತ್ರದಲ್ಲಿ ಒಬ್ಬ ಸುಂದರಿ ತುಟಿಗೆ ರಂಗು ಬಳಿದು, ಹೆಗಲಿಗೆ ಚರ್ಮದ ಚೀಲ ನೇತುಹಾಕಿಕೊಂಡು, ತೋಳಿನ ಮೇಲೆ ಹಾವು ಹಚ್ಚೆ ಹಾಕಿಸಿಕೊಂಡು ರಾಗಿ ತೆನೆಗಳ ಮಧ್ಯೆ ನಿಂತಿದ್ದಳು. ಪಕ್ಕದಲ್ಲಿ ಆನೆ. ಅವಳ ಕೈ ಅದರ ಸೊಂಡಿಲ ಮೇಲೆ!

"ಆನೆ ಬೇಡ" ಎಂದು ಬರೆದೆ. ಆನೆ ಹಿಂದಕ್ಕೆ ಹೋಗಿ ನಿಂತಿತು. "ಆನೆ ಇರಲೇಬಾರದು" ಎಂದೆ. ಎರಡು ಆನೆ ಬಂದವು. ಒಂದು ಮರಿ. "ದಯವಿಟ್ಟು ಆನೆ ತೆಗೆಯಿರಿ" ಎಂದು ಬೇಡಿಕೊಂಡರೆ ಸುಂದರಿ ಹೋದಳು, ಆನೆ ಉಳಿಯಿತು! ನಮ್ಮ ಜವಳಗಿರಿ ಆನೆಯಾದರೂ ಪಟಾಕಿ ಹೊಡೆದರೆ ಹೋಗುತ್ತದೆ. ಈ ಆನೆಯನ್ನು ಫೋನು ಆರಿಸಿಯೇ ಓಡಿಸಬೇಕಾಯಿತು.

ಮಾರನೆಯ ದಿನ ಎಐ ತಾನೇ ದಾರಿ ತೋರಿಸಿತು. ಅವರ ಮುಖ ಹೇಗಿತ್ತು ಹೇಳಿ, ಮೂಗು ಉದ್ದವೋ, ಮೊಂಡೋ, ಕಣ್ಣು ದೊಡ್ಡವೋ, ಸಣ್ಣವೋ ಎಂದು ವಿನಯವಾಗಿ ಕೇಳಿತು. ಬರೆಯಲು ಬೆರಳೆತ್ತಿದವಳು ಹಿಂದಿನ ದಿನದ ವರ್ಣನೆಯನ್ನೇ ತಿರುಗಿ ಓದಿದೆ. ನಾನು ಬರೆದಿದ್ದರಲ್ಲಿ ಬಾಯಿಯ ಕೆಂಪು ಬಿಟ್ಟರೆ ಮುಖವೇ ಇರಲಿಲ್ಲ. ಹತ್ತೊಂಬತ್ತು ವರ್ಷ ಅವಳ ಕೈಯ ಅನ್ನ ಉಂಡಿದ್ದೇನೆ. ಕೈ ನೋಡಿದ್ದೇನೆ. ತಟ್ಟೆ ನೋಡಿದ್ದೇನೆ. ಮೂಗು ನೋಡಿಲ್ಲ!

ಅಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಅವ್ವನ ಮೂಗು ಹೆಂಗಿತ್ತು?"

"ಮೂಗಾ? ಮೂಗು ಮೂಗಿನಂಗೇ ಇತ್ತು ಕಣಮ್ಮಿ."

"ಉದ್ದಾನೋ, ಮೊಂಡೋ?"

"ಅಳತೆ ಮಾಡ್ದೋನ್ ಯಾವನು? ಅಲ್ಲಾ, ಚಂದ್ರನ್ ಮೇಲಿರೋ ಹಳ್ಳ ದಿಣ್ಣೆನೆಲ್ಲ ಫೋಟೋ ಹಿಡೀತಾರಂತೆ, ಅವ್ವನ ಮೂಗು ಒಂದು ಗೊತ್ತಾಗಾಕಿಲ್ವಾ ಅವ್ರಿಗೆ?" ಎಂದು ವಿಜ್ಞಾನದ ಮೇಲೇ ಸಿಟ್ಟಾದ. ಆಮೇಲೆ, "ನಂಗೂ ಗ್ಯಾಪ್ಕ ಬತ್ತಿಲ್ಲ ಕಣಮ್ಮಿ," ಎಂದ ಮೆಲ್ಲಗೆ. "ಊರಲ್ಲೆಲ್ಲ ನೀನೇ ಅವ್ವನಂಗಿದ್ದೀಯ ಅಂತಾರಪ್ಪ. ನಿನ್ ಮೂಗೇ ನೋಡ್ಕೊ."

ಅಲ್ಲಿಗೆ ನನ್ನ ಬುದ್ಧಿ ಬೆಳಗಿತು! ನನ್ನದೇ ಫೋಟೋ ಹಿಡಿದು ಹಾಕಿದೆ. ನಾಲ್ಕೈದು ವರ್ಷ ಕಮ್ಮಿ ಮಾಡಿ, ಕನ್ನಡಕ ತೆಗೆಯಿರಿ, ಎರಡೂ ಕಡೆ ಮೂಗುಬಟ್ಟು ಇಡಿ, ಹಸಿರು ಸೀರೆ ಉಡಿಸಿ, ಆನೆಯ ಸುದ್ದಿಗೆ ಹೋಗಬೇಡಿ ಎಂದು ಬರೆದೆ. ಬಂತು ನೋಡಿ ಚಿತ್ರ! ನೆಟ್ಟಗೆ ನನ್ನನ್ನೇ ನೋಡುತ್ತಿದ್ದ ಒಬ್ಬಳು ಹೆಂಗಸು. ತಾಳ್ಮೆಯ ಕಣ್ಣು. ನನಗೆ ಅಳು ಬಂತು. "ಅವ್ವ ಸಿಕ್ಕಿದ್ಲು!" ಎಂದು ಇವರಿಗೆ ತೋರಿಸಿದೆ. ಇವರು ಚಿತ್ರ ನೋಡಿದರು, ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದು, ನನ್ನ ಕಣ್ಣೀರು ಕಂಡು ಮುಚ್ಚಿಕೊಂಡರು. ಮೂವತ್ತು ವರ್ಷದ ಸಂಸಾರ, ಅಷ್ಟು ಅನುಭವ ಇರುತ್ತದೆ.

ಹೊಸೂರು ಬಸ್ ನಿಲ್ದಾಣದ ಹತ್ತಿರ ಒಂದು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಕೊಟ್ಟೆ. ಅಲ್ಲಿಯವರು ಫೋಟೋ ನೋಡಿ, ನನ್ನ ಕಡೆ ಮರುಕದಿಂದ ತಿರುಗಿ, "ಸೇಮ್ ಮುಖಂ ಅಕ್ಕಾ," ಎಂದರು. ನಾನು ಉಬ್ಬಿಹೋದೆ. "ಪೇರ್ ಎನ್ನಂಗ?" ಎಂದು ಹೆಸರು ಕೇಳಿದರು. ಬಿಲ್ಲಿಗಿರಬೇಕು ಎಂದುಕೊಂಡು "ರತ್ನಮ್ಮ" ಎಂದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಓದಿದ್ದು ತಳಿ ಎಂಬ ಊರಿನ ಕನ್ನಡ ಶಾಲೆಯಲ್ಲಿ. ತಮಿಳು ಮಾತಿನಲ್ಲಿ ನನ್ನನ್ನು ಸೋಲಿಸುವವರಿಲ್ಲ. ತರಕಾರಿ ಅಂಗಡಿಯಲ್ಲಿ ತಮಿಳು, ಹಾಲಿನವನ ಹತ್ತಿರ ತೆಲುಗು, ಜಗಳಕ್ಕೆ ಕನ್ನಡ. ಆದರೆ ತಮಿಳು ಓದು ಎಂದರೆ ಇಷ್ಟು ವರ್ಷವಾದರೂ ಬಸ್ಸಿನ ನಂಬರು ನೋಡಿಯೇ ಹತ್ತುತ್ತೇನೆ. ಎರಡು ದಿನ ಬಿಟ್ಟು ಕಟ್ಟು ಹಾಕಿದ ಫೋಟೋ ತಂದಾಗ ಕೆಳಗೆ ಬಂಗಾರದ ಬಣ್ಣದಲ್ಲಿ ಏನೋ ತಮಿಳಿನಲ್ಲಿ ಬರೆದಿತ್ತು. ಸ್ಟುಡಿಯೋದ ಹೆಸರಿರಬೇಕು ಎಂದುಕೊಂಡೆ. ನನ್ನ ಗಮನವೆಲ್ಲ ಮೂಗಿನ ಮೇಲಿತ್ತು. ಇವರೂ ನನ್ನ ಜೊತೆಯ ಕನ್ನಡ ಶಾಲೆಯವರೇ.

ಹಬ್ಬದ ಬೆಳಿಗ್ಗೆ ನಾನು ನಡುಮನೆ ಒರೆಸಿ ಅಡುಗೆಮನೆ ಸೇರಿದೆ. ನೆಲ ಒಣಗಲಿ ಎಂದು ನಮ್ಮನೆಯವರು ಫೋಟೋವನ್ನು ಹೊರಗೆ ಜಗಲಿಯಲ್ಲಿ ಕುರ್ಚಿಯ ಮೇಲಿಟ್ಟು, ಚೆಂಡುಹೂವಿನ ಹಾರ ಹಾಕಿ, ಭಕ್ತಿ ಹೆಚ್ಚಾಗಿ ಎರಡು ಊದುಬತ್ತಿಯನ್ನೂ ಹಚ್ಚಿ ಬಾಳೆ ಎಲೆ ತರಲು ಹೋದರು. ನಾನು ವಡೆಗೆ ರುಬ್ಬುತ್ತಿದ್ದೆ. ಗ್ರೈಂಡರ್ ಸದ್ದಿನಲ್ಲಿ ಭೂಮಿ ಬಾಯಿಬಿಟ್ಟರೂ ಕೇಳಿಸುವುದಿಲ್ಲ.

ಸೆಲ್ವಿ ಅಕ್ಕ ತಟ್ಟೆ ವಾಪಸು ಕೊಡಲು ಬಂದರಂತೆ. ಬೀದಿಗೆ ಮುಖ ಮಾಡಿದ ಕುರ್ಚಿ, ಹಾರ, ಹೊಗೆ, ನನ್ನ ಮುಖ. ಕೆಳಗೆ ಚಿನ್ನದಕ್ಷರದಲ್ಲಿ ನನ್ನ ಹೆಸರು! "ಐಯೋ ರತ್ನಮ್ಮಾ! ನೇತ್ತು ಕೂಡ ಪೇಸಿನೋಮೇ!" ನಿನ್ನೆ ಕೂಡ ಮಾತಾಡಿದ್ದೆವಲ್ಲ ಎಂದು ತಟ್ಟೆ ಎಸೆದು ಎದೆ ಬಡಿದುಕೊಂಡರಂತೆ. ಬೀದಿ ಸೇರಿತು. ಯಾರೋ ಪುಣ್ಯಾತ್ಮರು ಅಣ್ಣನಿಗೂ ಫೋನು ಮಾಡಿದರು. ಎಡೆಗೆಂದು ಅವನು ದೊಡ್ಡವ್ವನನ್ನು ಕೂರಿಸಿಕೊಂಡು ಆಗಲೇ ಊರಿನ ಟೆಂಪೋದಲ್ಲಿ ಅರ್ಧ ದಾರಿ ಬಂದಿದ್ದ. ಉಳಿದರ್ಧ ದಾರಿ ಅತ್ತುಕೊಂಡು ಬಂದ.

ಅಷ್ಟರಲ್ಲಿ ಇವರು ಬಾಳೆ ಎಲೆ ಹೊತ್ತು ಬಂದರು. ಮೂಲೆಮನೆಯವರು ಓಡಿಬಂದು ತಬ್ಬಿಕೊಂಡು, "ಧೈರ್ಯ ತಂದ್ಕೊಳಿ," ಎಂದರು.

"ಯಾರು ಹೋದ್ರು?"

"ನಿಮ್ಮನೆಯವ್ರು."

"ಅರ್ಧ ಗಂಟೆ ಕೆಳಗೆ ನನ್ನ ಬೈತಿದ್ಲಲ್ಲ!" ಎಂದು ಇವರು ಎಲೆಯನ್ನೆಲ್ಲ ಕೆಳಗೆ ಹಾಕಿಬಿಟ್ಟರು.

ಗ್ರೈಂಡರ್ ನಿಲ್ಲಿಸಿದಾಗ ನನಗೆ ಅಳುವ ಸದ್ದು ಕೇಳಿಸಿತು. ಬೀದಿಯಲ್ಲಿ ಯಾರಿಗೋ ಏನೋ ಆಗಿದೆ, ನಾವು ಹೋಗದಿದ್ದರೆ ಹೇಗೆ ಎಂದು ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದೆ. "ಯಾರಕ್ಕಾ ಹೋಗ್ಬುಟ್ಟಿದ್ದು?" ಎಂದು ಕೇಳಿದೆ.

ಸೆಲ್ವಿ ಅಕ್ಕ ನನ್ನನ್ನು ನೋಡಿ ಕಿರುಚಿದ್ದು ಬಾಗಲೂರು ರಸ್ತೆಯವರೆಗೆ ಕೇಳಿಸಿತಂತೆ. ಆಗ ತಾನೇ ಟೆಂಪೋದಿಂದ ಇಳಿದ ಅಣ್ಣ ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು ನಿಂತ.

"ಬದುಕಿದ್ದೀಯೇನಮ್ಮೀ?"

"ಇದ್ದಂಗೆ ಕಾಣ್ತದೆ ಅಣ್ಣಾ. ವಡೆಗೆ ರುಬ್ತಿದ್ದೆ."

ಸೆಲ್ವಿ ಅಕ್ಕ ಫೋಟೋದ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ತೋರಿಸಿದರು. ಆವಾಗ ತಿಳಿಯಿತು ನನಗೆ ಅದು ಸ್ಟುಡಿಯೋದ ಹೆಸರಲ್ಲ ಎಂದು. ಹಾರ ತಂದಿದ್ದ ಒಬ್ಬರು ಏನು ಮಾಡುವುದು ತೋಚದೆ, ತಂದದ್ದಾಯಿತಲ್ಲ ಎಂದು ಅದನ್ನೂ ಫೋಟೋಗೇ ಹಾಕಿ ಹೋದರು.

ಇಷ್ಟಾದರೂ ನನಗೆ ಒಂದು ಆಸೆ ಉಳಿದಿತ್ತು. ಹೆಸರು ಯಾವುದಾದರೇನು, ಮುಖ ಅವ್ವನದಾದರೆ ಸಾಕು. ಅದನ್ನು ಹೇಳಬಲ್ಲವಳು ಇನ್ನು ಒಬ್ಬಳೇ. ದೊಡ್ಡವ್ವ, ಅವ್ವನ ಅಕ್ಕ. ಅವಳ ಕಣ್ಣಿಗೂ ಪೊರೆ ಬಂದಿದೆ. ಒಳಗೆ ಕೂರಿಸಿ, ಎರಡೂ ಹಾರ ತೆಗೆದು ಫೋಟೋವನ್ನು ಮಡಿಲಿಗೆ ಕೊಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇವ್ಳು ನಿಮ್ಮವ್ವ ಅಲ್ಲ ಕಣೆ. ಇದು ನೀನೇ."

"ಮೂಗು ಸರಿ ಇಲ್ವಾ ದೊಡ್ಡವ್ವಾ? ಹೆಂಗಿತ್ತು ಹೇಳು, ಸರಿ ಮಾಡ್ಸಾನ."

ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು. ಅಣ್ಣ ಬಂದು ಪಕ್ಕದಲ್ಲಿ ಕೂತ. ಇವರೂ ಬಾಗಿಲಲ್ಲಿ ನಿಂತರು.

"ದೊಡ್ಡೋಳಾದ ಮೇಲಿಂದು ನಂಗೂ ಮರ್ತೋಗ್ಯದೆ ಕಣವ್ವಾ," ಎಂದಳು. "ನಂಗೆ ಗ್ಯಾಪ್ಕ ಇರೋದು ಅವ್ಳು ಸಣ್ಣ ಮಗು ಆಗಿದ್ದಾಗಿಂದು. ಸೊಂಟದ್ ಮೇಲೆ ಎತ್ಕೊಂಡು ತಿರುಗ್ತಿದ್ದೆ. ಮೂಗು ಯಾವಾಗ್ಲೂ ಸೋರೋದು. ನನ್ ಲಂಗಕ್ಕೇ ಒರೆಸ್ಕೊಳ್ಳೋಳು, ಮುಂಡೇದು."

ಇಷ್ಟೆಲ್ಲ ಮಾಡಿ ಅವ್ವನ ಮೂಗಿನ ಬಗ್ಗೆ ನಮಗೆ ಸಿಕ್ಕ ಅಧಿಕೃತ ಮಾಹಿತಿ ಇದೊಂದೇ. ಸೋರುತ್ತಿತ್ತು! ಅಣ್ಣ ನಕ್ಕ. ನಾನೂ ನಕ್ಕೆ. ನಗುತ್ತಾ ನಗುತ್ತಾ ಇಬ್ಬರಿಗೂ ಮೂಗು ಒರೆಸಿಕೊಳ್ಳಬೇಕಾಯಿತು.

ಚೊಂಬಿಗೆ ಸೀರೆ ಸುತ್ತಿ ಎಡೆ ಇಟ್ಟೆವು. ಸೆಲ್ವಿ ಅಕ್ಕನೂ ಬಂದು ಮೂರು ವಡೆ ತಿಂದು, ವಿಜ್ಞಾನವನ್ನು ತಮಿಳಿನಲ್ಲಿ ಬೈದು ಹೋದರು. ಫೋಟೋ ಏನು ಮಾಡುವುದು ಎಂದರೆ ಇವರು, "ಇರ್ಲಿ ಬಿಡು, ಕಟ್ಟು ಚೆನ್ನಾಗದೆ. ಹೆಸ್ರೂ ಬರ್ಸಿಯಾಗಿದೆ. ಮುಂದೆ ಯಾವತ್ತಾದ್ರೂ..." ಎಂದವರು ನನ್ನ ಮುಖ ನೋಡಿ ಉಂಡೆಲೆ ಎತ್ತಲು ಎದ್ದರು.

ಈಗ ಅದು ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಮಾತಿಗಿಲ್ಲದಾಗ ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಅವ್ವ ಅಲ್ಲ ಎಂದು ಚೆನ್ನಾಗಿ ಗೊತ್ತು. ಆದರೂ ಆ ಹೆಂಗಸು ನೆಟ್ಟಗೆ ನೋಡುತ್ತಾ ಉಂಡ್ಯೇನೆ ಎಂದು ಕೇಳಿದ ಹಾಗಿರುತ್ತದೆ. "ಹೂಂ, ಉಂಡೆ," ಎನ್ನುತ್ತೇನೆ.

ಮೊನ್ನೆ ಇವರು ಪಡಸಾಲೆಯಿಂದ ಕೂಗಿದರು. "ಯಾರ್ ಹತ್ರನೇ ಮಾತಾಡ್ತಿದ್ದೀಯ?"

ಮುಖ ನನ್ನದು, ಹೆಸರು ನನ್ನದು, ಕೇಳಿದವಳೂ ನಾನೇ, ಉಂಡವಳೂ ನಾನೇ. ಏನಂತ ಹೇಳಲಿ? "ಯಾರೂ ಇಲ್ಲ ಬಿಡಿ," ಎಂದು ಬೀರು ಮುಚ್ಚಿದೆ.